ನರದ ಬಣ್ಣ

ಹರಿದ ತೋಮ್ ಎಲೆಯ ವಾಸನೆ ಎಂದರೆ ಕ್ಲಾಯ್‌ಗೆ ಅಪ್ಪನ ಅಂಗಿಯ ಜೇಬು. ಕೊಯ್ದ ಹುಲ್ಲಿನ ವಾಸನೆಯಲ್ಲ ಅದು, ಬೇವಿನದೂ ಅಲ್ಲ. ಒಗರಾದ, ಸ್ವಲ್ಪ ತುಕ್ಕಿನ ಹಾಗಿನ, ನೆನೆದ ಬಾವಿಹಗ್ಗದಿಂದ ಬರುವಂಥ ವಾಸನೆ. ಅದರ ಮೇಲೆ ರಬ್ಬರ್ ಹಾಳೆಯ ಹುಳಿ ನಾತ. ಬೆಳಗಿನ ಕೆಲಸ ಮುಗಿಸಿ ತೋಟದಿಂದ ಬಂದ ಅಪ್ಪ ಮೆಟ್ಟಿಲ ಮೇಲೆ ಕೂತರೆ ಐದು ವರ್ಷದ ಕ್ಲಾಯ್ ಅವನ ತೊಡೆಯೇರಿ ಜೇಬಿಗೆ ಮೂಗು ತೂರಿಸುತ್ತಿದ್ದ. ಅಪ್ಪ ಒಂದು ಎಲೆ ತೆಗೆದು, ತೊಟ್ಟು ಮುರಿದು, ನಡುವಿನ ನರವನ್ನು ಒಂದೇ ಎಳೆತಕ್ಕೆ ಕಿತ್ತು ಅಂಗಳಕ್ಕೆ ಎಸೆದು, ಉಳಿದದ್ದನ್ನು ಮಡಚಿ ದವಡೆಗಿಟ್ಟುಕೊಳ್ಳುತ್ತಿದ್ದ. "ನರ ನುಂಗಿದ್ರೆ ಹೊಟ್ಟೇಲಿ ಹಗ್ಗ ಹೊಸೆದುಕೊಳ್ಳತ್ತೆ ಕಣೋ," ಎನ್ನುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ನರಗಳು. ಅಮ್ಮ ಗೊಣಗುತ್ತ ಗುಡಿಸುವಾಗ ಮಗನಿಗೆ ಹೇಳುತ್ತಿದ್ದಳು, "ಕೆಂಪಗಿರೋವೆಲ್ಲ ಆ ಕಡೆ ಹಾಕು, ಹಸಿರೆಲ್ಲ ಈ ಕಡೆ ಹಾಕು, ಆಟ ಆಡು ಹೋಗು." ಅವನಿಗೆ ಆ ಆಟ ಎಂದೂ ತಿಳಿಯಲಿಲ್ಲ. ನರಗಳೆಲ್ಲ ಒಂದೇ ಥರ ಇದ್ದವು, ಒಣಗಿದ ಮಣ್ಣಿನ ಹಾಗೆ. ಎರಡು ಗುಡ್ಡೆ ಮಾಡುತ್ತಿದ್ದ, ದಪ್ಪದ್ದೊಂದು, ತೆಳ್ಳಗಿನದೊಂದು. ಅಮ್ಮ ಎರಡನ್ನೂ ಒಂದೇ ಪೊರಕೆಯಲ್ಲಿ ಗುಡಿಸಿ ಹಾಕುತ್ತಿದ್ದಳಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಈಗ ಅರವತ್ಮೂರು ದಾಟಿದ ಕ್ಲಾಯ್ ಮನೆಯ ಮುಂದಿನ ಬಿದಿರು ಮಂಚದ ಮೇಲೆ ಕೂತು ತನ್ನದೇ ಜೇಬಿಗೆ ಮೂಗು ತಗ್ಗಿಸಿದ. ಸೋಪಿನ ವಾಸನೆ ಮಾತ್ರ ಬಂತು. ಹೆಂಡತಿ ನುವಾನ್ ಬೆಳಿಗ್ಗೆ, "ಬಲಗಡೆ ಗೂಟದಲ್ಲಿರೋ ಅಂಗಿ ಹಾಕ್ಕೊಳ್ಳಿ, ಕಾಲೇಜಿನವರು ಬರ್ತಾರೆ," ಎಂದಿದ್ದಳು. ಮೂವತ್ತೆಂಟು ವರ್ಷದಲ್ಲಿ ಅವಳು ಒಂದು ಸಲವೂ ಅವನಿಗೆ ಅಂಗಿಯನ್ನು ಬಣ್ಣದಿಂದ ಹೇಳಿಲ್ಲ. ಬಲಗಡೆ, ಎಡಗಡೆ, ಗುಂಡಿ ಕಿತ್ತದ್ದು, ಜೇಬು ದೊಡ್ಡದು. ಅದು ಅವಳ ಮಾತಿನ ರೀತಿಯೋ, ಇನ್ನೇನಾದರೂ ತಿಳಿದು ಹೇಳುತ್ತಾಳೋ ಎಂದು ಕೇಳುವ ಧೈರ್ಯ ಅವನಿಗೆ ಬಂದಿಲ್ಲ. ಕೇಳಿದರೆ ಉತ್ತರ ಹೇಳಿಬಿಡುತ್ತಾಳೆ, ಅದೇ ಭಯ.

ಬರಲಿದ್ದದ್ದು ಕೃಷಿ ಕಾಲೇಜಿನ ಒಬ್ಬಳು ಹುಡುಗಿ. ತೋಮ್, ಅಂದರೆ ದುಡಿಯುವವರು ಹುರುಪಿಗೆ ಅಗಿಯುವ ಕ್ರತೋಮ್ ಗಿಡದ ಮೇಲಿದ್ದ ಕಾನೂನಿನ ಅಡ್ಡಿ ತೆಗೆದು ನಾಲ್ಕು ವರ್ಷವಾಯಿತು. ಕದ್ದು ಅಗಿಯುತ್ತಿದ್ದವರೆಲ್ಲ ಈಗ ಬೆಳೆಗಾರರ ಗುಂಪು ಮಾಡಿಕೊಂಡಿದ್ದಾರೆ, ಗುಂಪಿಗೊಂದು ಬೋರ್ಡೂ ಇದೆ. ಕಾಲೇಜಿನವರು ಕೆಂಪುನರ, ಹಸಿರುನರ, ಬಿಳಿನರ ಮೂರರ ಎಲೆಗಳನ್ನೂ ಒತ್ತಿ ಒಣಗಿಸಿ, ಕೆಳಗೆ ಚೀಟಿ ಅಂಟಿಸಿ, ಶಾಶ್ವತವಾಗಿ ಇಡುತ್ತಾರಂತೆ. ಚೀಟಿಯಲ್ಲಿ ಊರು, ತಾರೀಕು, ನರದ ಬಣ್ಣ, ಕೊನೆಗೆ "ಗುರುತಿಸಿದವರು" ಎಂದು ಒಬ್ಬರ ಹೆಸರು. ಗುಂಪಿನ ಸಭೆಯಲ್ಲಿ ಎಲ್ಲರೂ ಒಂದೇ ಉಸಿರಿಗೆ ಕ್ಲಾಯ್ ಹೆಸರು ಹೇಳಿದರು. "ಅವನು ಕಣ್ಣು ಮುಚ್ಚಿಕೊಂಡು ಹೇಳ್ತಾನೆ ಬಿಡಿ," ಎಂದು ಯಾರೋ ಅಂದರು, ಎಲ್ಲ ನಕ್ಕರು. ಕ್ಲಾಯ್‌ನೂ ನಕ್ಕ. ಆ ಮಾತು ಎಷ್ಟು ನಿಜವೆಂದು ಅವನೊಬ್ಬನಿಗೇ ಗೊತ್ತಿತ್ತು. ಎಲೆಯನ್ನು ಹರಿದು ಮೂಸಿದರೆ, ತುದಿ ಕಚ್ಚಿದರೆ, ನರ ಎಳೆದರೆ ಅವನಿಗೆ ತಪ್ಪುವುದೇ ಇಲ್ಲ. ಕೆಂಪುನರದ ಕಹಿ ನಾಲಿಗೆಯ ಬುಡಕ್ಕೆ ಹೋಗಿ ಗಟ್ಟಿಯಾಗಿ ಕೂರುತ್ತದೆ, ಸಂಜೆಯವರೆಗೆ ಏಳುವುದಿಲ್ಲ. ಅದರ ನರ ಟಕ್ಕೆಂದು ಮುರಿಯುತ್ತದೆ. ಹಸಿರುನರ ಸೌತೆಕಾಯಿ ಸಿಪ್ಪೆಯ ಹಾಗೆ, ನರ ನೂಲಿನಂತೆ ಉದ್ದಕ್ಕೆ ಬರುತ್ತದೆ, ಬೆಳಗಿನ ಕೆಲಸಕ್ಕೆ ಅದೇ ಸರಿ. ಬಿಳಿನರ ಬೇಗ ಏರಿ ಬೇಗ ಇಳಿಯುತ್ತದೆ, ನಡುವೆ ಬಾಯಿ ಮಾತ್ರ ನಿಲ್ಲುವುದಿಲ್ಲ. ತನ್ನ ತೋಟದ ಮರಗಳಂತೂ ನಿಂತ ಜಾಗದಿಂದಲೇ ಗೊತ್ತು, ಮಕ್ಕಳು ಊಟಕ್ಕೆ ಕೂತ ಸಾಲಿನ ಹಾಗೆ. ಕಣ್ಣಿನಿಂದ ಮಾತ್ರ ಆಗದು. ಕೆಂಪು, ಹಸಿರು ಎಂದು ಜನ ಕರೆಯುವ ಎರಡು ಸಂಗತಿಗಳು ಅವನ ಕಣ್ಣಿಗೆ ಒಂದೇ. ಕ್ಲಾಯ್ ಎಂಬ ಹೆಸರಿನ ಅರ್ಥವೇ "ಥೇಟ್ ಹಾಗೇ" ಎಂದು. ಹುಟ್ಟಿದಾಗ ಅಪ್ಪನ ಹಾಗೇ ಇದ್ದಾನೆಂದು ಅಜ್ಜಿ ಇಟ್ಟದ್ದು. ಪಾಪ, ಅಜ್ಜಿ ಇಷ್ಟು ದೂರ ಯೋಚಿಸಿರಲಿಲ್ಲ.

ಹುಡುಗಿ ಹಳೇ ಬೈಕಿನಲ್ಲಿ ಬಂದಳು. ಹಿಂದೆ ಎರಡು ಮರದ ಹಲಗೆ, ನಡುವೆ ಹಳೇ ದಿನಪತ್ರಿಕೆಗಳ ಕಂತೆ. ಹೆಲ್ಮೆಟ್ ತೆಗೆದು ಕೈ ಜೋಡಿಸಿ, "ಲುಂಗ್, ನಾನು ಮೊಟ್," ಎಂದಳು. ಲುಂಗ್ ಎಂದರೆ ದೊಡ್ಡಪ್ಪ. ಮೊಟ್ ಎಂದರೆ ಇರುವೆ, ಮನೆಯವರು ಇಟ್ಟ ಅಡ್ಡಹೆಸರು. ಇರುವೆಯ ಹಾಗೆಯೇ ಸಣ್ಣಗೆ, ಚುರುಕಾಗಿ ಇದ್ದಳು. ನುವಾನ್ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು, "ನಿಮ್ಮ ತೋಟದ ಮರ ಬೇಡ ಲುಂಗ್, ಅವನ್ನ ನೀವೇ ನೆಟ್ಟಿದ್ದಲ್ವಾ. ಕಾಲುವೆ ಆಚೆ ತಾವಾಗೇ ಬೆಳೆದಿರೋವು ಇದಾವಂತೆ, ಅವು ಬೇಕು," ಎಂದಳು. ಕಾಲುವೆಯಾಚೆಯ ಮರಗಳನ್ನು ಕ್ಲಾಯ್ ಕಚ್ಚಿ ನೋಡಿರಲಿಲ್ಲ. "ಮತ್ತೆ ಲುಂಗ್, ಎಲೆ ಹರಿಯೋ ಹಾಗಿಲ್ಲ, ಹಲ್ಲಿನ ಗುರುತು ಬೀಳೋ ಹಾಗಿಲ್ಲ. ಇಡೀ ಎಲೆ, ತೊಟ್ಟು ಸಮೇತ."

"ಹಲ್ಲಿಲ್ದೆ ತೋಮ್ ಹೇಗೆ ನೋಡ್ತಾರೆ?" ಎಂದ ಅವನು, ತಮಾಷೆಯ ಹಾಗೆ.

"ಕಣ್ಣಿಂದ," ಎಂದಳು ಅವಳು ನಗುತ್ತ.

ಕಾಲುವೆಯ ದಂಡೆಯ ಮೇಲೆ ಅವಳ ಹಿಂದೆ ನಡೆಯುವಾಗ ಅವನಿಗೆ ಎರಡನೇ ತರಗತಿ ನೆನಪಾಯಿತು; ನೆನಪಾದದ್ದಲ್ಲ, ಅದು ಯಾವಾಗಲೂ ಅಲ್ಲೇ ಇತ್ತು, ಚಪ್ಪಲಿಯೊಳಗಿನ ಕಲ್ಲಿನ ಹಾಗೆ. ಬಾವುಟ ಬರೆಯಿರಿ ಎಂದಿದ್ದರು ಮೇಷ್ಟ್ರು. ಐದು ಪಟ್ಟೆ, ಮೇಲಿನದೂ ಕೆಳಗಿನದೂ ಕೆಂಪು. ಪೆಟ್ಟಿಗೆಯ ಬಣ್ಣದ ಕಡ್ಡಿಗಳ ಕಾಗದ ಹರಿದುಹೋಗಿ ಯಾವುದು ಯಾವುದೆಂದು ಬರೆದದ್ದು ಇರಲಿಲ್ಲ. ಅವನು ತನಗೆ ಸರಿ ಕಂಡ ಕಡ್ಡಿಯನ್ನು ಮೇಲೆ ಕೆಳಗೆ ಗಾಢವಾಗಿ ತೀಡಿದ, ನಾಲಿಗೆ ಹೊರಗೆ ಹಾಕಿಕೊಂಡು, ಬಹಳ ಪ್ರೀತಿಯಿಂದ. ಮೇಷ್ಟ್ರು ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ದೇಶದ ಬಾವುಟದ ಮೇಲೆ ಹುಲ್ಲು ಬೆಳೆಸಿದ್ದಾನೆ ನೋಡ್ರಪ್ಪ!" ಎಂದರು. ತರಗತಿ ನಕ್ಕಿತು. ಕಂಬದ ಕೆಳಗೆ ಊಟದ ಗಂಟೆಯವರೆಗೆ ನಿಲ್ಲಿಸಿದರು. ಬಿಸಿಲಲ್ಲಿ ನಿಂತು ತಲೆಯೆತ್ತಿ ನಿಜವಾದ ಬಾವುಟವನ್ನು ನೋಡಿದ. ತಾನು ಬರೆದದ್ದರ ಹಾಗೆಯೇ ಇತ್ತು. ಎಲ್ಲರಿಗೂ ಹೀಗೇ ಕಾಣುತ್ತದೆ, ಅವರು ಹೆಸರುಗಳನ್ನು ಬಾಯಿಪಾಠ ಮಾಡಿದ್ದಾರೆ, ತಾನು ಮಾಡಿಲ್ಲ, ಅಷ್ಟೇ ಎಂದುಕೊಂಡ. ಹತ್ತು ಹನ್ನೆರಡು ವರ್ಷ ಹಾಗೆಯೇ ಅಂದುಕೊಂಡಿದ್ದ. ಅದೇ ಮಧ್ಯಾಹ್ನ ಪಕ್ಕದ ಬೆಂಚಿನ ವಿಯನ್ ಬಂದು ಕಿವಿಯಲ್ಲಿ, "ಏನ್ ಧೈರ್ಯ ಕಣೋ ನಿಂದು! ಬೇಕಂತ್ಲೇ ಬರೆದೆ ತಾನೇ?" ಎಂದ. ಕ್ಲಾಯ್ ಹೌದೆಂದು ತಲೆಯಾಡಿಸಿದ. ದಡ್ಡನೆನಿಸಿಕೊಳ್ಳುವುದಕ್ಕಿಂತ ಪುಂಡ ಎನಿಸಿಕೊಳ್ಳುವುದು ಹಗುರವಾಗಿತ್ತು.

ಆಚೆ ದಂಡೆಯಲ್ಲಿ ಹತ್ತು ಹನ್ನೆರಡು ಮರಗಳು, ಯಾರೂ ಸವರದೆ ಎತ್ತರಕ್ಕೆ ಹೋಗಿದ್ದವು. ಮೊಟ್ ಮೂರು ಚೀಲಗಳನ್ನು ನೆಲದ ಮೇಲೆ ಹರಡಿದಳು, ಒಂದೊಂದರ ಮೇಲೂ ಬಣ್ಣದ ಹೆಸರು ಬರೆದಿತ್ತು. ಕ್ಲಾಯ್ ಕೊಕ್ಕೆಯಿಂದ ಕೊಂಬೆ ಬಗ್ಗಿಸಿದ. ಎಲೆಯನ್ನು ಮಗುಚಿ ಹೆಬ್ಬೆರಳಿನಿಂದ ನರದ ಬೆನ್ನನ್ನು ಸವರಿದ. ಗಡುಸಾಗಿದೆ. ಕೆಂಪು ಇರಬಹುದು. ಆದರೆ ಬಲಿತ ಎಲೆಯಾದರೆ ಹಸಿರೂ ಗಡುಸಾಗಿರುತ್ತದೆ. ಎಲೆಯನ್ನು ಮುಖದ ಹತ್ತಿರ ತಂದು, ಕೂಲಂಕಷವಾಗಿ ನೋಡುವವನ ಹಾಗೆ ನಟಿಸುತ್ತ ಮೂಸಿದ. ಹರಿಯದ ಎಲೆ ತನ್ನ ವಾಸನೆಯನ್ನು ಬಿಟ್ಟುಕೊಡಲಿಲ್ಲ. "ಇದು ಕೆಂಪು," ಎಂದ, ಸ್ವರ ತನಗೇ ಅಪರಿಚಿತವಾಗಿ ಕೇಳಿಸಿತು. ಮುಂದಿನದು ಹಸಿರು. ಅದರ ಮುಂದಿನದು, ತೊಟ್ಟಿನ ಹತ್ತಿರ ಸ್ವಲ್ಪ ನವಿರು ರೋಮವಿದ್ದಂತೆ ತೋರಿದ್ದರಿಂದ, ಬಿಳಿ. ಹುಡುಗಿ ಪ್ರತಿ ಸಲ "ಹ್ಞಾಂ ಲುಂಗ್," ಎಂದು ಎಲೆ ಈಸಿಕೊಂಡು ಕುಕ್ಕರಗಾಲಲ್ಲಿ ಕೂತು ಚೀಟಿ ಬರೆಯುತ್ತಿದ್ದಳು. ಅವನಿಗೆ ನಿಧಾನವಾಗಿ ಧೈರ್ಯ ಬಂತು. ಐದು, ಆರು, ಏಳು ಎಲೆ. ಹಾಗಾದರೆ ಹೆಬ್ಬೆರಳಿಗೂ ಕಣ್ಣಿದೆ ಎಂದುಕೊಂಡ, ಒಳಗೊಳಗೇ ಉಬ್ಬಿದ. ಎಂಟನೆಯದನ್ನು ಕೊಟ್ಟು ಕೊಕ್ಕೆಯೆತ್ತಲು ತಿರುಗಿದವನು ಯಾಕೋ ಮತ್ತೆ ತಿರುಗಿ ನೋಡಿದ. ಮೊಟ್ ಸಣ್ಣಗೆ ಕೆಮ್ಮುತ್ತ ಒಂದು ಚೀಲದಿಂದ ಎಲೆ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದಳು. ಅವಳ ಕೈಯಲ್ಲಿ ಕಳ್ಳತನದ ಗಡಿಬಿಡಿ ಇರಲಿಲ್ಲ. ಮಲಗಿದ ಮಗುವಿನ ಕೆಳಗಿಂದ ಒದ್ದೆ ಬಟ್ಟೆ ಎಳೆಯುವಂಥ ಎಚ್ಚರವಿತ್ತು. ಕ್ಲಾಯ್ ಸರಕ್ಕನೆ ಮರದ ಕಡೆ ಮುಖ ತಿರುಗಿಸಿದ. ತಾನು ನೋಡಿದ್ದು ಅವಳಿಗೆ ಗೊತ್ತಾಗಬಾರದೆಂದು ಸುಮ್ಮನೆ ಕೊಂಬೆ ಅಲ್ಲಾಡಿಸಿದ. ಕಿವಿ ಬಿಸಿಯಾಯಿತು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೀಗೆ ಸುಮ್ಮನಿದ್ದು ಮಾನ ಕಾಯುವವರನ್ನು ಏನು ಮಾಡುವುದು? ಇನ್ನೊಬ್ಬರೂ ಹೀಗೇ ಸುಮ್ಮನಿದ್ದರು, ನುವಾನ್‌ಳ ಅಪ್ಪ. ಹೆಣ್ಣು ಕೇಳಲು ಹೋದಾಗ ಜೊತೆಗೆ ವಿಯನ್ ಬಂದಿದ್ದ. ಮುದುಕರು ಹಿತ್ತಾಳೆ ತಟ್ಟೆಯಲ್ಲಿ ಎಲೆಗಳನ್ನು ತಂದಿಟ್ಟು, "ಹ್ಞೂಂ, ಹಾಕ್ಕೊಳ್ಳೋಣ," ಎಂದರು. ಗಾಂಜಾದವನಿಗೆ ಕೊಟ್ಟರೆ ಮಗಳು ಉಪವಾಸ, ತೋಮಿನವನಿಗೆ ಕೊಟ್ಟರೆ ಗದ್ದೆ ಹದ ಎನ್ನುವ ಕಾಲ. ಕಿರಿಯನಾದವನು ಕೆಂಪುನರದ ಎಲೆಯನ್ನು ಆರಿಸಿ, ನರ ತೆಗೆದು ಹಿರಿಯರ ಕೈಗೆ ಕೊಡಬೇಕು; ತನಗೆ ಹಸಿರು, ಸಪ್ಪೆಯದು. ಎಲ್ಲರ ಕಣ್ಣೂ ಅವನ ಬೆರಳಿನ ಮೇಲೆ. ಮೂಸುವಂತಿಲ್ಲ, ಕಚ್ಚುವಂತಿಲ್ಲ. ದಪ್ಪನೆಯದೊಂದನ್ನು ಆರಿಸಿ, ನರ ಮುರಿಯಿತೋ ನೂಲಾಗಿ ಬಂತೋ ಎಂದೂ ಗಮನಿಸದ ಗಾಬರಿಯಲ್ಲಿ ಅದನ್ನು ತೆಗೆದು, ಎರಡೂ ಕೈಯಲ್ಲಿ ಮುದುಕರಿಗೆ ಕೊಟ್ಟ. ತನ್ನದನ್ನು ಬಾಯಿಗಿಟ್ಟುಕೊಂಡು ಒಂದು ಸಲ ಅಗಿದನೋ ಇಲ್ಲವೋ, ಕಹಿ ಎದ್ದು ನಾಲಿಗೆಯ ಬುಡ ಹಿಡಿಯಿತು. ಕೆಂಪು ತನ್ನ ಬಾಯಲ್ಲಿದೆ! ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ. ಎದುರಿಗೆ ಮುದುಕರು ಸಪ್ಪೆ ಎಲೆಯನ್ನು ಆಡು ಮೆಲುಕು ಹಾಕಿದ ಹಾಗೆ ನಿಧಾನವಾಗಿ ಅಗಿಯುತ್ತಿದ್ದರು. ಅವನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಮಳೆಗಾಲ ಕಳೀಲಿ, ಒಳ್ಳೆ ದಿನ ನೋಡೋಣ," ಎಂದರು. ಅಷ್ಟೇ. ಸಾಯುವವರೆಗೆ ಆ ಮಾತೆತ್ತಲಿಲ್ಲ. ಅಹಂಕಾರಿ ಎಂದುಕೊಂಡರೋ, ಗಂಡಸು ಎಂದುಕೊಂಡರೋ, ಕುರುಡ ಎಂದು ಕನಿಕರಪಟ್ಟರೋ?

"ಮಗಳೇ," ಎಂದ ಕ್ಲಾಯ್, ಕೊಕ್ಕೆಯನ್ನು ಮರಕ್ಕೆ ಒರಗಿಸಿ. "ಚೀಲ ಬದಲಾಯಿಸಿದ್ದು ನೋಡಿದೆ."

ಮೊಟ್‌ಳ ಮುಖ ಸಣ್ಣದಾಯಿತು. "ಕನ್ನಡಕ ಮನೇಲಿ ಬಿಟ್ಟು ಬಂದ್ರೇನೋ ಅಂದ್ಕೊಂಡೆ ಲುಂಗ್. ಒಂದೆರಡೇ ಎಲೆ."

"ಎಷ್ಟು, ಸರಿಯಾಗಿ ಹೇಳು."

"ಎಂಟರಲ್ಲಿ ಐದು."

"ಐದಾ!" ತನಗೇ ನಗು ಬಂತು ಅವನಿಗೆ. "ನಾಣ್ಯ ಚಿಮ್ಮಿದ್ರೂ ಇದಕ್ಕಿಂತ ಚೆನ್ನಾಗಿ ಬರ್ತಿತ್ತು." ಆಮೇಲೆ, ತಾನು ಹೇಳುತ್ತಿರುವುದನ್ನು ಬೇರೆ ಯಾರೋ ಹೇಳುತ್ತಿರುವಂತೆ ಕೇಳಿಸಿಕೊಳ್ಳುತ್ತ, "ಕನ್ನಡಕದ ತೊಂದರೆ ಅಲ್ಲಮ್ಮ. ನಂಗೆ ಕೆಂಪು ಹಸಿರು ಬೇರೆ ಬೇರೆ ಕಾಣಲ್ಲ. ಹುಟ್ಟಿದಾಗಿಂದ. ಯಾರಿಗೂ ಹೇಳಿಲ್ಲ," ಎಂದ.

ಗಾಳಿ ಬೀಸಿ ಎಲೆಗಳು ಮಗುಚಿದವು. ಅವಳು ಅಯ್ಯೋ ಎನ್ನುತ್ತಾಳೆಂದು ಅವನು ಕಾದ. ಅವಳ ಕಣ್ಣು ಅರಳಿತು. "ಪೂರ್ತಿನಾ ಲುಂಗ್? ಹಾಗಾದ್ರೆ ಸಿಗ್ನಲ್ ದೀಪ?"

"ಮೇಲಿಂದು ನಿಲ್ಲು, ಕೆಳಗಿಂದು ಹೋಗು."

"ರಂಬುಟಾನ್? ಈ ಊರಲ್ಲಿ ಎಲ್ಲಿ ನೋಡಿದ್ರೂ ರಂಬುಟಾನ್ ಅಲ್ವಾ, ಹಣ್ಣಾಗಿದ್ದು ಹೇಗೆ ಗೊತ್ತಾಗತ್ತೆ?"

"ಅದರ ಕೂದಲು ಮುಟ್ಟಿದ್ರೆ ಗೊತ್ತಾಗತ್ತೆ. ಇಲ್ದಿದ್ರೆ ಬಾವಲಿ ಹೇಳತ್ತೆ."

"ಮೆಣಸಿನಕಾಯಿ?"

"ಅದು ತಾನೇ ಹೇಳತ್ತೆ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಆ ಚೀಟಿ ಅವಳ ಮಂಡಿಯ ಮೇಲೆ ಇತ್ತು, "ಗುರುತಿಸಿದವರು" ಎಂಬಲ್ಲಿ ಖಾಲಿ ಗೆರೆ. ಅವಳೇ ಮೆಲ್ಲಗೆ, "ಲುಂಗ್, ನಾನು ಯಾರಿಗೂ ಹೇಳಲ್ಲ. ನಾನೇ ನೋಡಿ ನಿಮ್ಮ ಹೆಸರು ಹಾಕ್ಬಿಡ್ತೀನಿ," ಎಂದಳು. ಎಷ್ಟು ಸುಲಭ! ಊರಿಗೆ ಗೊತ್ತಾಗುವುದಿಲ್ಲ, ಹೆಸರು ಕಾಲೇಜಿನ ಕಪಾಟಿನಲ್ಲಿ ಇರುತ್ತದೆ, ತಾನು ಸತ್ತ ಮೇಲೂ ಇರುತ್ತದೆ. ಅವನು ಗೆರೆಯನ್ನೇ ನೋಡಿದ. ತಾನು ಕಾಣದ್ದನ್ನು ಕಂಡೆ ಎಂದು ನೂರು ವರ್ಷ ಹೇಳುತ್ತ ನಿಲ್ಲುವ ಹೆಸರು. ನುಂಗಿದ ನರ ಹಗ್ಗ ಹೊಸೆದುಕೊಳ್ಳುತ್ತದೆ ಎಂಬ ಅಪ್ಪನ ಮಾತು ನೆನಪಾಯಿತು. "ಬೇಡಮ್ಮ. ಕಂಡವನ ಹೆಸರೇ ಹಾಕು," ಎಂದ. ಕಂಡವನು ಯಾರು ಎಂದು ಅವಳು ಕೇಳುವ ಮೊದಲೇ ಅವನಿಗೆ ಉತ್ತರ ಗೊತ್ತಿತ್ತು, ಕಷ್ಟದ್ದು ಅದೇ. ಊರಿನಲ್ಲಿ ಮೂರೂ ಬಣ್ಣದ ಮರ ಬೆಳೆಸಿದವನು ತನ್ನನ್ನು ಬಿಟ್ಟರೆ ಒಬ್ಬನೇ. ಸಭೆಯಲ್ಲಿ ತನ್ನ ಹೆಸರು ಯಾರೂ ಹೇಳಲಿಲ್ಲವೆಂದು ಎರಡು ವಾರದಿಂದ ಚಹಾದಂಗಡಿಯಲ್ಲಿ ಮುಖ ಊದಿಸಿಕೊಂಡಿದ್ದವನು. ಕ್ಲಾಯ್ ಫೋನ್ ತೆಗೆದ.

"ವಿಯನ್, ಕಾಲುವೆ ಆಚೆ ಬಾ."

"ಯಾಕೆ, ಬಿದ್ಯಾ?"

"ಬಿದ್ದಿಲ್ಲ. ಒಂದು ಜೊತೆ ಕಣ್ಣು ಬೇಕಿತ್ತು."

"ಯಾರ್ದು?"

"ನಿಂದು."

ವಿಯನ್ ಹತ್ತು ನಿಮಿಷದಲ್ಲಿ ಬಂದ, ಉರಿಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು. ಪೂರ್ವದಲ್ಲೊಂದು ಅಂಗೈಯಗಲ ಮೋಡವಿತ್ತು, ತೋಮ್ ಅಗಿಯುವವನಿಗೆ ಅಷ್ಟು ಸಾಕು ಚಳಿ ಹುಟ್ಟಲು. ಬಾಯಲ್ಲಿ ಬಿಳಿನರದ ಎಲೆ ಇತ್ತೆಂದು ಅವನು ದಂಡೆಯ ಮೇಲಿಂದಲೇ ಶುರು ಮಾಡಿದ ಮಾತಿನಿಂದ ಗೊತ್ತಾಯಿತು. "ಏನಪ್ಪ, ಮಹಾಪಂಡಿತರಿಗೆ ನನ್ನಂಥ ಬಡವನ ನೆನಪಾಯ್ತಲ್ಲ! ನೋಡು ಮಗಳೇ, ಇವನು ಕಣ್ಣು ಮುಚ್ಚಿಕೊಂಡು ಹೇಳ್ತಾನಂತೆ, ನಾನು ಕಣ್ಣು ಬಿಟ್ಕೊಂಡು ಹೇಳ್ತೀನಿ, ಅದಕ್ಕೇ ನನಗೆ ಬೆಲೆ ಇಲ್ಲ."

ಕ್ಲಾಯ್ ಹೇಳಿದ. ಈ ಸಲ ಎರಡೇ ವಾಕ್ಯ ಸಾಕಾಯಿತು.

ವಿಯನ್ ಅಗಿಯುವುದನ್ನು ನಿಲ್ಲಿಸಿದ. "ತಡಿ ತಡಿ. ಕಾಣಲ್ಲ ಅಂದ್ರೆ? ಯಾವತ್ತೂ ಕಾಣ್ತಿರ್ಲಿಲ್ವಾ?"

"ಯಾವತ್ತೂ."

"ನಿನ್ನ ಮಾವನ ಮನೇಲೂ?"

"ಅಲ್ಲೂ."

"ಲೇ!" ವಿಯನ್ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. "ನಾನು ಮೂವತ್ತೆಂಟು ವರ್ಷದಿಂದ ಆ ಕಥೆ ಹೇಳ್ಕೊಂಡು ತಿರುಗ್ತಿದೀನಲ್ಲೋ! ಮಾವನಿಗೇ ಸಪ್ಪೆ ಕೊಟ್ಟು, ಎದುರಿಗೇ ಕೆಂಪು ಬಾಯಿಗೆ ಹಾಕ್ಕೊಂಡ, ಹುಲಿ, ಗಂಡು ಅಂದ್ರೆ ಇವನು ಅಂತ! ನಾಸಾನ್ ಪೇಟೇಲೆಲ್ಲ ಹೇಳಿದೀನಿ. ಆಮೇಲೆ ನಾನೇನು ಮಾಡಿದೆ ಗೊತ್ತಾ? ಮೇಲ್ಕೇರಿ ಯಜಮಾನರ ಮನೆಗೆ ಹೆಣ್ಣು ಕೇಳಕ್ಕೆ ಹೋದಾಗ ನಾನೂ ಹಾಗೇ ಮಾಡಿದೆ. ಅವರಿಗೆ ಸಪ್ಪೆ, ನಂಗೆ ಕೆಂಪು. ಹೀಗೆ, ಎದೆ ಉಬ್ಬಿಸ್ಕೊಂಡು!"

"ಆಮೇಲೆ?" ಎಂದಳು ಮೊಟ್, ಪೆನ್ನು ಕೆಳಗಿಟ್ಟು.

"ಆಮೇಲೇನು, ತಟ್ಟೆ ಎತ್ಕೊಂಡು ಒಳಗೆ ಹೋದ್ರು, ವಾಪಸ್ ಬರ್ಲಿಲ್ಲ! ಸಂಜೆವರೆಗೂ ಕೂತಿದ್ದೆ. ಕೊನೆಗೆ ಅವರ ನಾಯಿ ಬಂದು ಕಳಿಸಿಕೊಡ್ತು."

ಮೊಟ್ ನಗುತ್ತ ನಗುತ್ತ ಹುಲ್ಲಿನ ಮೇಲೆ ಕೂತುಬಿಟ್ಟಳು. ಕ್ಲಾಯ್‌ಗೆ ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. ತನ್ನ ಕಣ್ಣಿನ ಕೊರತೆ ತನ್ನೊಳಗೇ ಇದೆ, ಮುಚ್ಚಿಟ್ಟ ಗಡಿಗೆಯ ಹಾಗೆ ಎಂದುಕೊಂಡಿದ್ದ. ಅದು ಇನ್ನೊಬ್ಬನ ಮದುವೆಯವರೆಗೆ ಸೋರಿತ್ತು. "ನೀನು ಹೇಳಬೇಕಿತ್ತಲ್ಲೋ ಆ ಸಂಬಂಧ ಯಾಕೆ ತಪ್ಪಿತು ಅಂತ," ಎಂದ ತೊದಲುತ್ತ. "ನೀನು ಹೇಳಿದ್ಯಾ?" ಎಂದ ವಿಯನ್. ನಂತರ ಏನೋ ಹೊಳೆದವನಂತೆ ಅವನ ಮುಖ ನೋಡಿ, ದನಿ ತಗ್ಗಿಸಿ, "ಸ್ಕೂಲಲ್ಲಿ ಆ ಬಾವುಟ?" ಎಂದು ಕೇಳಿದ. ಕ್ಲಾಯ್ ತಲೆಯಾಡಿಸಿದ. ವಿಯನ್ ಕಾಲುವೆಯ ಕಡೆ ತಿರುಗಿ ಬಾಯಲ್ಲಿದ್ದುದನ್ನು ಉಗಿದ. ತಿರುಗಿದಾಗ ಮತ್ತೆ ಹಳೇ ವಿಯನ್ನನೇ ಆಗಿದ್ದ. "ಸರಿ, ಎಲ್ಲಿ ಎಲೆ? ಈವತ್ತು ನಾನು ಪಂಡಿತ."

ಪಾಂಡಿತ್ಯ ಮೂರನೇ ಮರದವರೆಗೆ ನಡೆಯಿತು. ನಾಲ್ಕನೆಯದರ ಎಲೆ ಮಗುಚಿ ವಿಯನ್ "ಕೆಂಪು" ಎಂದ. ಮೊಟ್ ಕತ್ತು ಓರೆ ಮಾಡಿ, "ಇದು ಗುಲಾಬಿ ಅಲ್ವಾ?" ಎಂದಳು. ತೋಮಿನಲ್ಲಿ ಗುಲಾಬಿ ಎಂಬುದಿಲ್ಲ ಎಂದು ವಿಯನ್ ರೇಗಿದ. ಅವಳು ಚೀಲದಿಂದ ಸಾಲಾಗಿ ಬಣ್ಣ ಬಳಿದು ಅಂಕಿ ಹಾಕಿದ್ದ ಕಾರ್ಡೊಂದನ್ನು ತೆಗೆದು ನರದ ಪಕ್ಕ ಹಿಡಿದಳು. ಅದು ಹನ್ನೊಂದಕ್ಕೂ ಸರಿಹೋಗಲಿಲ್ಲ, ಹನ್ನೆರಡಕ್ಕೂ ಇಲ್ಲ. "ನಿನ್ನ ಕಾರ್ಡೇ ತಪ್ಪು, ಬಿಸಿಲಿಗೆ ಮಾಸಿದೆ," ಎಂದ ವಿಯನ್. "ನೀವು ನೆರಳಲ್ಲಿ ನಿಂತು ನೋಡ್ತಿದೀರ," ಎಂದಳು ಅವಳು. ಅವನು ಬಿಸಿಲಿಗೆ ಬಂದು ನೋಡಿ, ಸ್ವಲ್ಪ ಅಳುಕಿ, ಕಂದು ಎಂದ. ಅದೇ ಕೊಂಬೆಯ ಒಳಗಿನ ಎಲೆಯನ್ನು ಕಿತ್ತಳು ಹುಡುಗಿ; ಅದರ ನರ ಹಸಿರು ಎಂದು ಇಬ್ಬರೂ ಒಪ್ಪಿದರು. ತುದಿಯ ಚಿಗುರಿನದು ಬಿಳಿ ಎಂದು ಅವಳೆಂದರೆ, ಬಿಳಿನರ ಎಂದರೆ ಬೇರೆಯೇ ಮರ, ನಾನು ದಿನಾ ಹಾಕ್ಕೊಳ್ಳೋದು ಮತ್ತೇನು, ಎಂದು ವಿಯನ್ ಎಗರಿದ. ಒಂದೇ ಮರ, ಮೂರು ಬಣ್ಣ, ಇಬ್ಬರು ಕಣ್ಣುಳ್ಳವರು. ಕ್ಲಾಯ್ ಬೇರಿನ ಮೇಲೆ ಕೂತು ಈ ಜಗಳ ಕೇಳಿದ. ಇಷ್ಟು ವರ್ಷ ಅವನು ಅಂದುಕೊಂಡಿದ್ದೇನು? ತನ್ನೊಬ್ಬನನ್ನು ಹೊರಗಿಟ್ಟು ಉಳಿದವರೆಲ್ಲ ಒಂದು ಅಚ್ಚುಕಟ್ಟಾದ ಕೋಣೆಯಲ್ಲಿ ಕೂತಿದ್ದಾರೆ, ಅಲ್ಲಿ ಕೆಂಪು ಎಂದರೆ ಕೆಂಪು, ಎಲ್ಲರಿಗೂ ಅದೇ, ಯಾರಿಗೂ ಅನುಮಾನವಿಲ್ಲ ಎಂದು. ಈಗ ನೋಡಿದರೆ ಒಳಗೆ ಇವರು ಜುಟ್ಟು ಹಿಡಿದುಕೊಂಡಿದ್ದಾರೆ. ಅವನಿಗೆ ತಡೆಯಲಾರದಷ್ಟು ಖುಷಿಯಾಯಿತು. ಖುಷಿಗೆ ನಾಚಿಕೆಯೂ ಆಯಿತು, ಆದರೂ ಖುಷಿಯೇ.

"ಲುಂಗ್, ನೀವೇ ಹೇಳಿ," ಎಂದಳು ಮೊಟ್, ಸೋತು. "ಈ ಒಂದು ಎಲೆ ಕಚ್ಚಿ, ಪರವಾಗಿಲ್ಲ."

ಅವನು ತೊಟ್ಟು ಮುರಿದು ನರ ಎಳೆದ. ನೂಲಿನ ಹಾಗೆ ಉದ್ದಕ್ಕೆ ಬಂತು. ಎಲೆಯ ಅಂಚನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ಸೌತೆಸಿಪ್ಪೆ, ಹಿಂದೆಯೇ ಸ್ವಲ್ಪ ಒಗರು. "ಹಸಿರುನರದ ಮರ. ಹೊರಗಿನ ಎಲೆಗೆ ಬಿಸಿಲು ಬಡಿದು ಮುಖ ಕೆಂಪಗೆ ಮಾಡ್ಕೊಂಡಿರಬೇಕು."

"ಕೆಂಪಗೆ ಅಂತೆ! ಕಂಡವನ ಹಾಗೆ ಹೇಳ್ತಾನೆ ನೋಡು," ಎಂದ ವಿಯನ್.

"ನೀನು ಕಂಡು ಏನು ಹೇಳಿದೆ, ಕಂದು ಅಂದೆ."

"ಆ ಹುಡುಗಿ ಗಲಿಬಿಲಿ ಮಾಡಿದ್ಲು!"

ಹನ್ನೆರಡೂ ಮರ ಮುಗಿಯುವಾಗ ಬಿಸಿಲು ನೆತ್ತಿಗೇರುತ್ತಿತ್ತು. ಎಲೆಗಳನ್ನು ಹಾಳೆಗಳ ನಡುವೆ ಬಿಡಿಸಿಟ್ಟು, ಮೊಟ್ ಚೀಟಿ ಬರೆಯಲು ಕೂತಳು. "ಗುರುತಿಸಿದವರು" ಎಂಬಲ್ಲಿ ವಿಯನ್ ತಾನೇ ಪೆನ್ನು ಕಸಿದುಕೊಂಡು, ಇಡೀ ಹೆಸರನ್ನು, ಮನೆತನದ ಹೆಸರಿನ ಸಮೇತ, ಗೆರೆ ದಾಟಿ ಅಂಚಿನವರೆಗೆ ಬರೆದ. ಪ್ರತಿ ಚೀಟಿಯಲ್ಲೂ ಬರೆದ. ಕ್ಲಾಯ್ ಅದನ್ನು ನೋಡುತ್ತ ಕೂತ, ಒಳಗೆ ಎಲ್ಲೋ ಚುಚ್ಚಿತು. ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಳೆ ಚಹಾದಂಗಡಿಯಲ್ಲಿ ಈ ಕಥೆ ಬಾಲ ಕೊಂಬು ಹಚ್ಚಿಕೊಂಡು ಓಡಾಡುತ್ತದೆ. ಹುಲಿ ಹೋಯಿತು, ಇನ್ನೇನು ಬರುತ್ತದೋ. ಮೊಟ್ ಪೆನ್ನು ವಾಪಸು ಪಡೆದು, ಉಳಿದಿದ್ದ ಚೂರು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಸೇರಿಸಿ ಅವನ ಕಡೆ ತಿರುಗಿಸಿದಳು. "ರುಚಿ ನೋಡಿದವರು: ಕ್ಲಾಯ್" ಎಂದಿತ್ತು. ಅವನು ಕಚ್ಚಿ ಹೇಳಿದ ಆ ಒಂದೇ ಮರದ ಚೀಟಿಯಲ್ಲಿ ಮಾತ್ರ. ಅವನು ಎರಡು ಸಲ ಓದಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಭುಜದ ಮೇಲಿಂದ ಯಾರೋ ಮೂಟೆ ಇಳಿಸಿಕೊಂಡ ಹಾಗೆ, ಕಾಲು ಚಾಚಿ ಮರಕ್ಕೊರಗಿದ.

ಹುಡುಗಿ ಹಲಗೆಗಳನ್ನು ಹಗ್ಗದಿಂದ ಬಿಗಿದು, ಇಬ್ಬರಿಗೂ ಕೈ ಜೋಡಿಸಿ, ದಂಡೆಯ ಮೇಲೆ ಸಣ್ಣದಾಗುತ್ತ ಹೋದಳು. ಮನೆಯ ಹತ್ತಿರ ಬಿಟ್ಟಿದ್ದ ಬೈಕಿನ ಸದ್ದು ಎದ್ದು ದೂರವಾದ ಮೇಲೆ ಕಾಲುವೆಯ ನೀರಿನ ಸದ್ದು ಕೇಳಿಸಿತು. ಈಗ ಗೇಲಿ ಶುರುವಾಗುತ್ತದೆ ಎಂದು ಕ್ಲಾಯ್ ಕಾದ. ಇಬ್ಬರೇ ಉಳಿದಾಗ ವಿಯನ್ ಏನು ಬಿಟ್ಟಾನು? ವಿಯನ್ ಜಾಕೆಟ್ಟಿನೊಳಗಿಂದ ಬಾಳೆಲೆಯ ಪೊಟ್ಟಣ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದ. ಯಜಮಾನರ ಮನೆಯ ಹೆಣ್ಣು ತಪ್ಪಿದ ಮೇಲೆ ಎರಡು ವರ್ಷಕ್ಕೆ ಮದುವೆಯಾಗಿ ಬಂದ ಸೊಂಜಿತ್‌ಳ ಕೈ ಅಡುಗೆ: ಅನ್ನ, ಹುಳಿ ಸಾರಿನಲ್ಲಿ ಬೆಂದ ಮೀನು, ಹುರಿದ, ಘಾಟು ವಾಸನೆಯ ಸಟೋ ಕಾಳು. ಊರಲ್ಲಿ ಆ ಸಾರನ್ನು ಯಾರಿಗೂ ಒಂದು ಚಮಚ ಕೊಡದೆ ತಿನ್ನುವವನೆಂದು ವಿಯನ್ ಹೆಸರಾಗಿದ್ದ. ಅವನು ಮೀನನ್ನು ಬೆರಳಿಂದ ಮೆಲ್ಲಗೆ ಬಿಡಿಸಿ, ಮುಳ್ಳುಗಳನ್ನು ಒಂದೊಂದಾಗಿ ಆಯ್ದು ಹುಲ್ಲಿಗೆ ಹಾಕಿದ, ಹೊಟ್ಟೆಯ ಭಾಗದ ಮೆದು ತುಂಡನ್ನು ಅನ್ನದ ಮೇಲಿಟ್ಟ. ಆಮೇಲೆ ಇಡೀ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಕ್ಲಾಯ್‌ನ ಮಡಿಲಲ್ಲಿ ಇಟ್ಟು, ಮುಖದ ಮೇಲೆ ಟೋಪಿ ಎಳೆದುಕೊಂಡು ಮಗ್ಗುಲಾದ.